4,596 ಕಿಂಡಿ

ಕಳೆದ ಪುಷ್ಯದಲ್ಲಿ ಊರಿಗೆ ಹೋದಾಗ ಅಣ್ಣನ ಹೊಲದಲ್ಲಿ ಸೀತನಿ ಇಟ್ಟುಕೊಂಡಿದ್ದರು. ಡೋಣಿ ಸಾಲಿನ ಕರಿ ನೆಲ, ಎದೆಯುದ್ದ ಬೆಳೆದ ಬಿಳಿಜೋಳ. ಹೊತ್ತು ಮುಳುಗಿ ಚಳಿ ಕಟ್ಟಿತ್ತು. ನೆಲ ತೋಡಿ ಕುಳ್ಳು ಉರಿಸಿದ್ದರು. ಕೆಂಡದಿಂದ ತೆಗೆದ ತೆನೆಯನ್ನು ಅಣ್ಣ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುವುದು, ಹುಡುಗರು ಶೇಂಗಾ ಚಟ್ನಿ ಹಚ್ಚಿಕೊಂಡು ಮುಕ್ಕುವುದು, ಬಾಯಿ ಸುಟ್ಟುಕೊಂಡು ಬೈಸಿಕೊಳ್ಳುವುದು ನಡೆದಿತ್ತು. ಬಯಲಿನಾಚೆ ವಿಜಯಪುರದ ದೀಪಗಳು ಮಿಣುಕುತ್ತಿದ್ದವು. ಹಗಲಾಗಿದ್ದರೆ ಗೋಳಗುಮ್ಮಟದ ನೆತ್ತಿ ಕಾಣುತ್ತಿತ್ತು.

ಅಣ್ಣನ ಮೊಮ್ಮಗ ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿ ಬಂದಿದ್ದ. ‘ಕಾಕಾ ಅಜ್ಜಾ, ನಿಮ್ಮ ಅಮೇರಿಕಾದಾಗ ಇಂಥಾದ್ದು ಐತೇನು?’ ಎಂದ.

‘ಐತೋ. ನಾನಿರೋ ಹ್ಯೂಸ್ಟನ್ನಿನಾಗ. ನಮ್ಮ ಗುಮ್ಮಟದ ಒಳ ಅಗಲ 124 ಅಡಿ. ಅದರದು 642. ನಮ್ಮಂಥಾವು ಐದು ಸಾಲಾಗಿ ನಿಂದರತಾವ.’

‘ಯಾರ ಗೋರಿ ಅದು?’

ಅಣ್ಣ ನಕ್ಕ. ನಾನೂ ನಗುತ್ತಿದ್ದೆನೇನೋ. ಆದರೆ ಆ ಕಟ್ಟಡದೊಳಗೆ ನಾನು ಕಳೆದ ನಾಲ್ಕು ರಾತ್ರಿಗಳ ನೆನಪಾಗಿ ನಗು ಬರಲಿಲ್ಲ. ‘ಗೋರಿ ಅಲ್ಲೋ, ಆಟದ ಮನಿ’ ಎಂದು ಶುರು ಮಾಡಿದೆ. ಅಂದು ಹುಡುಗರಿಗೆ ನಮ್ಮ ಮಾತಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ.

2005ರ ಆಗಸ್ಟ್ 29ರ ಬೆಳಿಗ್ಗೆ ಕತ್ರಿನಾ ಚಂಡಮಾರುತ ಲೂಸಿಯಾನದ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸಿನ ಒಡ್ಡುಗಳು ಒಡೆದು ಊರಿಗೆ ಊರೇ ನೀರಲ್ಲಿ ನಿಂತಿತು. ವಾಹನ ಇದ್ದವರು ಮೊದಲೇ ಊರು ಬಿಟ್ಟಿದ್ದರು. ಇಲ್ಲದವರಲ್ಲಿ ಸಾವಿರಾರು ಮಂದಿ ಸೂಪರ್‌ಡೋಮ್ ಎಂಬ ಆಟದ ಗುಮ್ಮಟ ಸೇರಿಕೊಂಡರು. ಅದು 1975ರಲ್ಲಿ ತೆರೆದದ್ದು, 680 ಅಡಿ ಅಗಲದ ಛಾವಣಿ. ಗಾಳಿಗೆ ಆ ಛಾವಣಿಯ ಹೊದಿಕೆ ಸಿಪ್ಪೆಯಂತೆ ಸುಲಿದು ತೂತು ಬಿತ್ತು. ವಿದ್ಯುತ್ ಹೋಯಿತು, ಕಕ್ಕಸು ಕಟ್ಟಿಕೊಂಡಿತು, ಸೆಕೆಯಲ್ಲಿ ಜನ ಬೆಂದರು. ಅವರನ್ನೆಲ್ಲ ಬಸ್ಸುಗಳಲ್ಲಿ 350 ಮೈಲಿ ಆಚೆಯ ಹ್ಯೂಸ್ಟನ್ನಿಗೆ, ನಮ್ಮೂರಿನ ಆಸ್ಟ್ರೋಡೋಮಿಗೆ ತರುವುದೆಂದು ತೀರ್ಮಾನವಾಯಿತು. ಒಂದು ಗುಮ್ಮಟದಿಂದ ಇನ್ನೊಂದು ಗುಮ್ಮಟಕ್ಕೆ. ಸರಕಾರದ ಬಸ್ಸುಗಳಿಗಿಂತ ಮುಂಚೆ ಬಂದು ಮುಟ್ಟಿದ್ದು ಒಂದು ಶಾಲಾ ಬಸ್ಸು. ಇಪ್ಪತ್ತು ವರ್ಷದ ಹುಡುಗನೊಬ್ಬ ಯಾರ ಅಪ್ಪಣೆಗೂ ಕಾಯದೆ, ಸಿಕ್ಕವರನ್ನೆಲ್ಲ ಹತ್ತಿಸಿಕೊಂಡು, ತಾನೇ ಓಡಿಸಿಕೊಂಡು ಬಂದಿದ್ದ.

ಮುಂದಿನ ದಿನಗಳಲ್ಲಿ ಡೋಮು ಮತ್ತು ಅದರ ಅಕ್ಕಪಕ್ಕದ ಸಭಾಂಗಣಗಳಲ್ಲಿ ಸುಮಾರು 25 ಸಾವಿರ ಮಂದಿ ಸೇರಿದರು. ಸಿಂದಗಿಯೋ ಇಂಡಿಯೋ ಒಂದು ಕಟ್ಟಡದ ಆವರಣಕ್ಕೆ ಬಂದು ಇಳಿದ ಹಾಗೆ.

ನಮ್ಮ ಕನ್ನಡದ ಮನೆಗಳಲ್ಲಿ ಫೋನುಗಳು ಓಡಾಡಿದವು. ಹೆಂಡತಿಯರು ಹಳೆಯ ಬಟ್ಟೆ, ಟವೆಲ್ಲು, ಸೋಪು ಕಟ್ಟಿಕೊಟ್ಟರು. ಯಾರೋ ದೊಡ್ಡ ಪಾತ್ರೆ ಚಿತ್ರಾನ್ನ ಮಾಡಿ ತಂದಿದ್ದರು. ಮನೆಯಡುಗೆ ಒಳಗೆ ಬಿಡುವುದಿಲ್ಲ ಎಂದು ತಿಳಿದು, ವಾಹನ ನಿಲುಗಡೆಯಲ್ಲಿ ನಾವೇ ನಿಂತು ತಿಂದೆವು. ಸೆಪ್ಟೆಂಬರ್ 2, ಶುಕ್ರವಾರ. ಸೋಮವಾರ ಕಾರ್ಮಿಕ ದಿನದ ರಜೆ, ಹಾಗಾಗಿ ಕೈಯಲ್ಲಿ ಬಿಡುವಿತ್ತು. ಮಣಿಕಟ್ಟಿಗೆ ಒಂದು ಕಾಗದದ ಪಟ್ಟಿ ಸುತ್ತಿ ರಾತ್ರಿ ಪಾಳಿಗೆ ನನ್ನನ್ನು ಒಳಗೆ ಬಿಟ್ಟರು.

ಆ ಕಟ್ಟಡಕ್ಕೆ ನಾನು ಅದಕ್ಕೂ ಮುಂಚೆ ಒಮ್ಮೆ ಹೋಗಿದ್ದೆ, 1998ರ ಬೇಸಿಗೆಯಲ್ಲಿ, ಬೇಸ್‌ಬಾಲ್ ನೋಡಲು. ಆಫೀಸಿನವರು ಕರೆದೊಯ್ದಿದ್ದರು. ಆಟ ತಲೆಗೆ ಹತ್ತಲಿಲ್ಲ. ಲಗೋರಿಗೂ ಚಿನ್ನಿದಾಂಡಿಗೂ ಹುಟ್ಟಿದ ಕೂಸು ಎಂದುಕೊಂಡು ಮೂರು ತಾಸು ಛಾವಣಿ ನೋಡುತ್ತ ಕೂತಿದ್ದೆ. ಕಟ್ಟಡಗಳ ಲೆಕ್ಕ ಹಾಕುವುದೇ ನನ್ನ ಉದ್ಯೋಗವಾದ್ದರಿಂದ ಅದೇನೂ ನಷ್ಟವಾಗಲಿಲ್ಲ. ಈಗ ಅದೇ ಛಾವಣಿಯ ಕೆಳಗೆ ಮಡಚುವ ಮಂಚಗಳು, ಸಾಲು ಸಾಲು, ಕಣ್ಣು ಹರಿಯುವವರೆಗೂ. ಮೈದಾನ ಸುತ್ತಲಿನ ನೆಲಕ್ಕಿಂತ ಸುಮಾರು 30 ಅಡಿ ಕೆಳಗಿದೆ. ಮೇಲಿನ ಬಾಗಿಲಿಂದ ಒಳಗೆ ಬಂದವರಿಗೆ ಎಲ್ಲ ಒಂದೇ ಸಲ ಕಾಣುತ್ತದೆ. ಕಟ್ಟಿದವರು ಬೇಕೆಂದೇ ಹಾಗೆ ಮಾಡಿದ್ದರು, ನೋಡಿದವನ ಎದೆ ಝಲ್ಲೆನ್ನಲಿ ಎಂದು. ನನಗೂ ಝಲ್ಲೆಂದಿತು. ಧ್ವನಿವರ್ಧಕದಲ್ಲಿ ಕಳೆದುಹೋದ ಮಕ್ಕಳ ಹೆಸರು ಕೂಗುತ್ತಿದ್ದರು. ರಟ್ಟಿನ ತುಂಡುಗಳ ಮೇಲೆ ಅಮ್ಮ, ತಮ್ಮ, ಅಜ್ಜಿ ಅಂತ ಹೆಸರು ಬರೆದು ಅಲ್ಲಲ್ಲಿ ಅಂಟಿಸಿದ್ದರು.

ನನ್ನ ಪಾಳಿಯಲ್ಲಿ ಜೊತೆಯಾದವನು ಹ್ಯೂಸ್ಟನ್ನಿನದೇ ಒಬ್ಬ ಕಪ್ಪು ಮನುಷ್ಯ. ಹುಡುಗನಾಗಿದ್ದಾಗ ಇದೇ ಕಟ್ಟಡದಲ್ಲಿ ಶೇಂಗಾ ಮಾರಿದವನು. ಅವನಿಗೆ ಇದರ ಒಂದೊಂದು ಮೂಲೆಯೂ ಗೊತ್ತು. ಹೊದಿಕೆ ಹಂಚುತ್ತ ಕತೆ ಹೇಳಿದ, ನಡುನಡುವೆ ಮಕ್ಕಳನ್ನು ಎತ್ತಿ ಮಂಚಕ್ಕೆ ಹಾಕುತ್ತಿದ್ದ.

ಹೊದಿಕೆ ಯಾಕೆಂದರೆ ಒಳಗೆ ಚಳಿ! ಈ ಕಟ್ಟಡದ ಮೂಲವೇ ಅದು. ಹ್ಯೂಸ್ಟನ್ನಿನ ಬೇಸಿಗೆ ಮಂಗಳೂರಿನ ಮೇ ತಿಂಗಳ ಹಾಗೆ. ಇಲ್ಲಿನ ಬೇಸ್‌ಬಾಲ್ ತಂಡ ಮೊದಲು ಪಕ್ಕದ ಬಯಲಿನಲ್ಲೇ ಆಡುತ್ತಿತ್ತು. ಸೊಳ್ಳೆ ಕಾಟಕ್ಕೆ ಆಟದ ನಡುವೆ ಔಷಧ ಹೊಡೆಯುತ್ತಿದ್ದರು. ರಾಯ್ ಹಾಫ್‌ಹೈನ್ಜ್ ಎಂಬವರು ಮೊದಲು ಕೌಂಟಿಯ ಜಡ್ಜ್, ಆಮೇಲೆ ಊರಿನ ಮೇಯರ್, ಮೈತುಂಬ ಮಾತಿನ ಮನುಷ್ಯ. ರೋಮಿನ ಕೊಲೋಸಿಯಂನಲ್ಲಿ ಪ್ರೇಕ್ಷಕರ ಮೇಲೆ ಬಟ್ಟೆಯ ನೆರಳು ಎಳೆಯುತ್ತಿದ್ದರಂತೆ ಎಂಬುದನ್ನು ಹಿಡಿದುಕೊಂಡು, ಇಡೀ ಮೈದಾನಕ್ಕೇ ಛಾವಣಿ ಹಾಕಿ ತಂಪು ಮಾಡುತ್ತೇನೆ ಎಂದರು. 1962ರ ಜನವರಿಯಲ್ಲಿ ಭೂಮಿಪೂಜೆಗೆ ಗುದ್ದಲಿ ಹಿಡಿಯಲಿಲ್ಲ. ತಂಡದ ಹೆಸರು ಕೋಲ್ಟ್ ಫಾರ್ಟಿಫೈವ್ಸ್ ಅಂತ ಇತ್ತು, ಅದೇ ಹೆಸರಿನ ಪಿಸ್ತೂಲುಗಳಿಂದ ನೆಲಕ್ಕೆ ಗುಂಡು ಹಾರಿಸಿದರು. 1965ರ ಏಪ್ರಿಲ್ 9ರಂದು ಬಾಗಿಲು ತೆರೆಯುವಷ್ಟರಲ್ಲಿ ಊರಿಗೆ ಚಂದ್ರಯಾನದ ಹುಚ್ಚು ಹಿಡಿದಿತ್ತು. ತಂಡ ಆಸ್ಟ್ರೋಸ್ ಆಯಿತು, ಕಟ್ಟಡ ಆಸ್ಟ್ರೋಡೋಮ್ ಆಯಿತು, ಮೈದಾನ ಗುಡಿಸುವವರಿಗೂ ಗಗನಯಾನಿಗಳ ಉಡುಪು ಹಾಕಿಸಿದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದು ಕೂತರು. ನ್ಯೂಯಾರ್ಕಿನ ಮಿಕಿ ಮ್ಯಾಂಟಲ್ ಮೊದಲ ಹೋಮ್ ರನ್ ಹೊಡೆದರು. ‘ಜಗತ್ತಿನ ಎಂಟನೇ ಅದ್ಭುತ’ ಎಂದು ಡಂಗುರ ಸಾರಿದ್ದಾಯಿತು. ಹಾಫ್‌ಹೈನ್ಜ್ ಒಳಗೇ ಅರಮನೆಯಂಥ ಮನೆ ಮಾಡಿಕೊಂಡು ವಾಸವಿದ್ದರು. ತಾನು ಕಟ್ಟಿಸಿದ ಗುಮ್ಮಟದೊಳಗೆ ಬದುಕಿದ್ದಾಗಲೇ ಬಿಡಾರ ಹೂಡಿದವರು! ಗೋಳಗುಮ್ಮಟ ಕಟ್ಟಿಸಿದ ನಮ್ಮ ಮೊಹಮ್ಮದ್ ಆದಿಲ್‌ಶಾಹನಿಗೆ ಆ ಯೋಗ ಇರಲಿಲ್ಲ.

ಆಟಕ್ಕೆ ಹುಲ್ಲು ಬೇಕು, ಹುಲ್ಲಿಗೆ ಬಿಸಿಲು ಬೇಕು. ಅದಕ್ಕೆ ಛಾವಣಿಯಲ್ಲಿ 4,596 ಪಾರದರ್ಶಕ ಕಿಂಡಿಗಳನ್ನು ಕೂರಿಸಿದ್ದರು. ಲೂಸೈಟ್ ಎಂಬ ಅಕ್ರಿಲಿಕ್ ಹಲಗೆ. ರಾತ್ರಿ ಎಲ್ಲ ಸರಿ. ಹಗಲು ಅಭ್ಯಾಸಕ್ಕಿಳಿದಾಗ ಗೊತ್ತಾಯಿತು, ಚೆಂಡು ಮೇಲೆ ಹೋದರೆ ಬೆಳಕು ಮತ್ತು ಉಕ್ಕಿನ ಜಾಲದ ಚೌಕುಳಿಯಲ್ಲಿ ಕಾಣೆಯಾಗುತ್ತದೆ. ಸಿಡಿಲ ಹಾಗೆ ಬೀಳುವ ಚೆಂಡಿಗೆ ಆಟಗಾರರು ತಲೆಯ ಮೇಲೆ ಕೈ ಹೊತ್ತು ಓಡಿದರು. ಬಣ್ಣದ ಚೆಂಡು ಮಾಡಿ ನೋಡಿದರು, ತಂಪು ಕನ್ನಡಕ ಹಾಕಿ ನೋಡಿದರು. ಕೊನೆಗೆ ಕಿಂಡಿಗಳಿಗೇ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಆ ವರ್ಷ ಪೂರ್ತಿ ಸತ್ತ ಹುಲ್ಲಿಗೂ ಮಣ್ಣಿಗೂ ಹಸಿರು ಬಣ್ಣ ಹಚ್ಚಿ ಆಡಿಸಿದರಂತೆ. ಇದನ್ನು ಹೇಳುವಾಗ ನನ್ನ ಜೊತೆಗಾರ ಹೊದಿಕೆಗಳ ಗಂಟಿನ ಮೇಲೆ ಕೂತು ನಕ್ಕ. ಅವನು ಆ ಮಣ್ಣಿನ ಮೇಲೆ ನಡೆದು ಬೂಟು ಹಸಿರು ಮಾಡಿಕೊಂಡು ಮನೆಯಲ್ಲಿ ಬೈಸಿಕೊಂಡಿದ್ದನಂತೆ.

1966ರಲ್ಲಿ ಮಾನ್ಸಾಂಟೊ ಕಂಪನಿಯ ನೈಲಾನ್ ಹುಲ್ಲು ಬಂತು. ಮೊದಲು ಅದರ ಹೆಸರು ಕೆಮ್‌ಗ್ರಾಸ್, ಇಲ್ಲಿ ಹಾಸಿದ ಮೇಲೆ ಆಸ್ಟ್ರೋಟರ್ಫ್. ತಯಾರಾಗಿದ್ದೇ ಕಡಿಮೆ ಇದ್ದುದರಿಂದ ಮೊದಲು ಒಳ ಅಂಗಳಕ್ಕೆ ಮಾತ್ರ, ಜುಲೈ ಹೊತ್ತಿಗೆ ಉಳಿದದ್ದಕ್ಕೆ ಹಾಸಿದರು. ಇದರ ಬಾಲ ಎಲ್ಲಿಯವರೆಗೆ ಬಂತು ನೋಡಿ: 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ಮಣ್ಣು-ಗರಿಕೆಯಲ್ಲಿ ಚೆಂಡಿನ ಜೊತೆ ಮಾತಾಡುತ್ತ ಬೆಳೆದ ನಮ್ಮ ತಂಡ ಏಳನೆಯ ಸ್ಥಾನಕ್ಕೆ ಜಾರಿತು. ಪದಕವಿಲ್ಲದೆ ಬರಿಗೈಯಲ್ಲಿ ಬಂದದ್ದು ಅದೇ ಮೊದಲು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಹುಲ್ಲಿನ ಮೇಲೊಂದೇ ಹೊರಿಸುವುದು ಬೇಡ. ಆದರೂ ಹ್ಯೂಸ್ಟನ್ನಿನಲ್ಲಿ ಯಾರೋ ಕಿಂಡಿಗೆ ಬಣ್ಣ ಬಳಿದದ್ದು ಹತ್ತು ವರ್ಷ ಕಳೆದು ಕೊಡಗಿನ ಹುಡುಗರ ಕಾಲಿಗೆ ತೊಡರಿತು ಎಂದರೆ ಸುಳ್ಳಾಗದು.

‘ಬರೇ ಒಂದs ಆಟೇನು ಅಲ್ಲಿ?’ ಎಂದ ಹುಡುಗ, ಬಾಯ್ತುಂಬ ಕಾಳು ತುಂಬಿಕೊಂಡು.

ಒಂದೇ ಅಲ್ಲ, ಅದೇ ಅದರ ಹೆಚ್ಚುಗಾರಿಕೆ. ಬೇಸ್‌ಬಾಲಿಗೆ ಬೀಸಣಿಗೆಯ ಆಕಾರದ ಅಂಗಳ ಬೇಕು, ಅವರ ಫುಟ್‌ಬಾಲಿಗೆ ಉದ್ದನೆಯ ಚೌಕ. ಎರಡಕ್ಕೂ ಹೊಂದಲಿ ಎಂದು ಕೆಳಗಿನ ಸಾವಿರಾರು ಕುರ್ಚಿಗಳನ್ನು ರೈಲಿನಂತೆ ಹಳಿಗಳ ಮೇಲೆ ಕೂರಿಸಿದ್ದರು. ಮೋಟಾರು ಹಾಕಿದರೆ ಗ್ಯಾಲರಿಗೆ ಗ್ಯಾಲರಿಯೇ 35 ಡಿಗ್ರಿ ತಿರುಗುತ್ತಿತ್ತು. 1968ರ ಜನವರಿ 20ರಂದು ನಟ್ಟನಡುವೆ ಒಂದು ಬಾಸ್ಕೆಟ್‌ಬಾಲ್ ಅಂಕಣ ಇಟ್ಟು ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೂ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯಕ್ಕೂ ಪಂದ್ಯ ಆಡಿಸಿದರು. ಹಲಗೆಯ ನೆಲವನ್ನೇ ಲಾಸ್ ಏಂಜಲೀಸಿನಿಂದ ತರಿಸಿದ್ದರು. 52,693 ಜನ. ಸತತ 47 ಪಂದ್ಯ ಗೆದ್ದು ಬಂದಿದ್ದ ಲಾಸ್ ಏಂಜಲೀಸಿನವರನ್ನು ಹ್ಯೂಸ್ಟನ್ನಿನ ಎಲ್ವಿನ್ ಹೇಸ್ ಒಬ್ಬರೇ 39 ಅಂಕ ಗಳಿಸಿ ಕೆಡವಿದರು, 71–69. ಜೊತೆಗಾರನ ಪ್ರಕಾರ, ಹಿಂದೆ ಕೂತವರಿಗೆ ಆಟಗಾರರು ಇರುವೆಯಷ್ಟು ಕಂಡರು. ಆದರೂ ನೋಡಿದೆ ಎಂದು ಸಾಯುವವರೆಗೆ ಹೇಳಿಕೊಂಡರು. 1973ರಲ್ಲಿ ಇಲ್ಲೇ ಬಿಲ್ಲಿ ಜೀನ್ ಕಿಂಗ್, ಹೆಂಗಸರ ಟೆನಿಸ್ ಏನು ಮಹಾ ಎಂದ ಬಾಬಿ ರಿಗ್ಸ್‌ರನ್ನು ಮೂರು ನೇರ ಸೆಟ್‌ಗಳಲ್ಲಿ ಮಣಿಸಿದರು. ಮಹಮ್ಮದ್ ಅಲಿ ಗುದ್ದಾಡಿದ್ದೂ, ಎಲ್ವಿಸ್ ಹಾಡಿದ್ದೂ, ದನಗಳ ಜಾತ್ರೆ ನಡೆದದ್ದೂ ಇಲ್ಲೇ. 1976ರ ಜೂನಿನಲ್ಲೊಂದು ದಿನ ಹೊರಗೆ ಎಂಥ ಮಳೆಯೆಂದರೆ ಆಟಗಾರರು ಬಂದು ಮುಟ್ಟಿದ್ದರು, ತೀರ್ಪುಗಾರರೂ ಪ್ರೇಕ್ಷಕರೂ ಬರಲಾಗಲಿಲ್ಲ. ಛಾವಣಿ ಇದ್ದೂ ಮಳೆಯಿಂದ ಆಟ ನಿಂತಿತು. ಆಟಗಾರರು ಮೈದಾನದಲ್ಲೇ ಮೇಜು ಹಾಕಿಸಿ ಊಟ ಮಾಡಿ ಎದ್ದರು.

ಮಧ್ಯರಾತ್ರಿ ದೀಪಗಳನ್ನು ಸ್ವಲ್ಪ ಮಂಕು ಮಾಡಿದ ಮೇಲೆ ನನಗೆ ಆ ಅಜ್ಜ ಕಂಡದ್ದು. ನ್ಯೂ ಆರ್ಲಿಯನ್ಸಿನ ಬಡಗಿ, ಎಪ್ಪತ್ತು ದಾಟಿದವನು. ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ಬಿಟ್ಟುಕೊಂಡು ಛಾವಣಿ ದಿಟ್ಟಿಸುತ್ತಿದ್ದ. ನೀರು ಕೊಟ್ಟೆ. ಕುಡಿಯಲಿಲ್ಲ.

‘ಇದು ಹಾರುವುದಿಲ್ಲವೇ?’ ಎಂದ.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವನು ಸೂಪರ್‌ಡೋಮಿನಲ್ಲಿದ್ದ. ಹೊದಿಕೆ ಸುಲಿದು ಬೆಳಕು ಒಳಬಿದ್ದದ್ದನ್ನು, ಮೇಲಿಂದ ನೀರು ಸುರಿದದ್ದನ್ನು ಕೆಳಗೆ ಮಲಗಿ ನೋಡಿದ್ದ. ಈಗ ಇನ್ನೊಂದು ಗುಮ್ಮಟದ ಕೆಳಗೆ ತಂದು ಮಲಗಿಸಿ ನಿದ್ದೆ ಮಾಡು ಎನ್ನುತ್ತಿದ್ದೇವೆ.

ನಾನು ಎಂಜಿನಿಯರ್ ಎಂದೆ. ಹಾಗಾದರೆ ಹೇಳು ಎಂದ. ಬಡಗಿಗೆ ಸಮಾಧಾನದ ಮಾತು ಸಾಲದು, ಜೋಡಣೆ ಹೇಗಿದೆ ಎಂದು ತಿಳಿಯಬೇಕು. ಮಂಚದ ತುದಿಗೆ ಕೂತು ಬೆರಳು ತೋರಿಸುತ್ತ ಹೇಳಿದೆ. ಗುಮ್ಮಟ ಯಾವುದಾದರೂ ಅದರ ಸ್ವಭಾವ ಕೆಳಗೆ ಕುಸಿಯುವುದಕ್ಕಿಂತ ಬುಡದಲ್ಲಿ ಹೊರಕ್ಕೆ ಹರಡಿಕೊಳ್ಳುವುದು. ನಮ್ಮೂರಿನ ಗುಮ್ಮಟದಲ್ಲಿ ಒಂದನ್ನೊಂದು ಹಾಯ್ದ ಕಮಾನುಗಳೂ ದಪ್ಪ ಗೋಡೆಯ ಭಾರವೂ ಅದನ್ನು ತಡೆದಿವೆ. ಇಲ್ಲಿ ಗೋಡೆಯಿಲ್ಲ. ಚಕ್ಕಡಿಯ ಗಾಲಿಗೆ ಕಂಬಾರ ಕಾಯಿಸಿ ಕೂರಿಸುವ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಹಾಗೆ ಸುತ್ತಲೂ ಒಂದು ಉಕ್ಕಿನ ಬಳೆ ಇಡೀ ಛಾವಣಿಯನ್ನು ಬಿಗಿದು ಹಿಡಿದಿದೆ. ನಡುವಿನದೆಲ್ಲ ವಜ್ರದಾಕಾರದ ಕಣ್ಣುಗಳ ಉಕ್ಕಿನ ಬಲೆ. ಒಂದು ಕಣ್ಣಿನ ಭಾರವನ್ನು ಸುತ್ತಲಿನವು ಹಂಚಿಕೊಳ್ಳುತ್ತವೆ. ಕಟ್ಟುವಾಗ ಕೆಳಗೆ ತಾತ್ಕಾಲಿಕ ಗೋಪುರಗಳ ಆಸರೆ ಕೊಟ್ಟಿದ್ದರು. ಬಲೆ ಪೂರ್ತಿಯಾದ ಮೇಲೆ ಜಾಕುಗಳನ್ನು ಮೆಲ್ಲಗೆ ಇಳಿಸಿ ಗೋಪುರ ತೆಗೆದಾಗ ಗುಮ್ಮಟ ತಾನೇ ನಿಂತಿತು.

‘ಕಂಬಕ್ಕೆ ಬಿಗಿದಿದ್ದಾರೋ?’ ಎಂದ ಅಜ್ಜ. ಸರಿಯಾದ ಪ್ರಶ್ನೆ. ಅನೇಕ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಹೊಳೆಯದು.

ಬಿಗಿದಿಲ್ಲ ಎಂದೆ. ಟೆಕ್ಸಾಸಿನ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಬಿಗಿದರೆ ಕಂಬ ಸೀಳುತ್ತದೆ. ಅದಕ್ಕೆ ಕಂಬಗಳಿಗೆ ಮೊಣಕಾಲಿನ ಹಾಗೆ ಕೀಲು ಇಟ್ಟಿದ್ದಾರೆ. ಛಾವಣಿ ದಿನವೂ ಒಂದಿಷ್ಟು ಅಗಲವಾಗಿ ಮತ್ತೆ ಕಿರಿದಾಗುತ್ತದೆ, ಉಸಿರಾಡಿದ ಹಾಗೆ. ಗಂಟೆಗೆ 135 ಮೈಲಿಯ ಗಾಳಿಗೆ ಲೆಕ್ಕ ಹಾಕಿದ್ದಾರೆ, ಮಾದರಿ ಮಾಡಿ ಗಾಳಿಯ ಸುರಂಗದಲ್ಲಿಟ್ಟು ನೋಡಿದ್ದಾರೆ. 1983ರಲ್ಲಿ ಅಲಿಷಿಯಾ ಚಂಡಮಾರುತ ಈ ಊರನ್ನೇ ಹಾಯ್ದು ಹೋಗಿದೆ, ಆಗಲೂ ನಿಂತಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ನಮ್ಮದಕ್ಕೂ ಲೆಕ್ಕ ಹಾಕಿಯೇ ಕಟ್ಟಿದ್ದರು’ ಎಂದ.

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಉಕ್ಕು ಬಿದ್ದಿರಲಿಲ್ಲ, ಹೊದಿಕೆ ಹೋದದ್ದಷ್ಟೆ ಎಂದು ಹೇಳಬಹುದಿತ್ತು. ಆದರೆ ಕೆಳಗೆ ನೆನೆಯುತ್ತ ಕೂತವನಿಗೆ ಆ ವ್ಯತ್ಯಾಸ ಯಾಕೆ ಬೇಕು?

ನನ್ನ ಜೊತೆಗಾರ ಬಂದು ಪಕ್ಕದಲ್ಲಿ ನಿಂತ. ಅಜ್ಜನಿಗೆ ಅವನು ಹೇಳಿದ್ದೇ ಬೇರೆ. 1961ರಲ್ಲಿ ಈ ಕಟ್ಟಡಕ್ಕೆ ಸಾಲ ಎತ್ತಲು ಊರಿನವರ ಮತ ಕೇಳಿದಾಗ, ಟೆಕ್ಸಾಸಿನಲ್ಲಿ ಕಪ್ಪು ಜನರಿಗೆ ಇನ್ನೂ ಬೇರೆ ಬಾಗಿಲು, ಬೇರೆ ಸಾಲು. ಕ್ವೆಂಟಿನ್ ಮೀಸ್ ಎಂಬ ಹಿರಿಯರು ಮತ್ತು ಅವರ ಜೊತೆಯವರು ಹಾಫ್‌ಹೈನ್ಜ್ ಕಡೆಯವರಿಗೆ ಒಂದೇ ಷರತ್ತು ಇಟ್ಟರು: ಮೊದಲ ದಿನದಿಂದ ಎಲ್ಲರಿಗೂ ಒಂದೇ ಬಾಗಿಲಾದರೆ ನಮ್ಮ ಮತ ನಿಮಗೆ. ಒಪ್ಪಿದರು. ಮತ ಬಿತ್ತು. ‘ನಮ್ಮಪ್ಪನ ಮತ ಇದೆ ಈ ಛಾವಣಿಯಲ್ಲಿ. ಅದು ನಿನ್ನ ಮೇಲೆ ಬೀಳುವುದಿಲ್ಲ’ ಎಂದ. ಅಜ್ಜ ಮೊದಲ ಬಾರಿ ತಲೆಯೆತ್ತಿ ನೀರು ಕುಡಿದ. ನನ್ನ ಬಳೆ, ಬಲೆ, ಕೀಲುಗಳಿಗಿಂತ ಆ ಮಾತು ಗಟ್ಟಿಯಾಗಿ ನಿಂತಿತು.

ಆದರೂ ನಿದ್ದೆ ಬರಲಿಲ್ಲ ಅವನಿಗೆ. ಅದಕ್ಕೆ ನಾನು, ‘ಕಿಂಡಿ 4,596 ಇವೆ. ಬಣ್ಣ ಬಳಿದಿದ್ದರೂ ಚೌಕ ಕಾಣುತ್ತವೆ. ಎಣಿಸು’ ಎಂದೆ. ನಮ್ಮವ್ವ ನಮ್ಮನ್ನು ಮಾಳಿಗೆಯ ಮೇಲೆ ಮಲಗಿಸಿ ಚಿಕ್ಕೆ ಎಣಿಸಲು ಹಚ್ಚುತ್ತಿದ್ದಳು. ಅದೇ ಉಪಾಯ.

ಮರುದಿನ ರಾತ್ರಿ ಹೋದಾಗ, ‘ಇನ್ನೂರಕ್ಕೆ ತಪ್ಪಿತು’ ಎಂದ. ಅದರ ಮರುದಿನ, ‘ನಾನೂರು. ಪಕ್ಕದ ಕೂಸು ಅತ್ತಿತು.’ ಪಕ್ಕದ ಕೂಸಿನ ತಾಯಿಯೂ ಎಣಿಸತೊಡಗಿದ್ದಳು. ಸುತ್ತಲಿನ ನಾಲ್ಕಾರು ಮಂಚಗಳಿಗೆ ಅದು ಹಬ್ಬಿತ್ತು. ಯಾವ ಸಾಲಿಂದ ಶುರು ಮಾಡಬೇಕೆಂದು ಜಗಳ ಬೇರೆ.

ನಾಲ್ಕನೆಯ ರಾತ್ರಿ, ಸೋಮವಾರ, ಅವನು ಚೀಲ ಕಟ್ಟಿಕೊಂಡು ಕೂತಿದ್ದ. ತಂಗಿಯ ಮಗಳು ಡಲ್ಲಾಸಿನಲ್ಲಿ ಸಿಕ್ಕಿದ್ದಳು, ಕರೆದೊಯ್ಯಲು ಬರುವವಳಿದ್ದಳು. ರಟ್ಟಿನ ಮೇಲೆ ಬರೆದ ಹೆಸರು ಯಾರೋ ಓದಿ ಫೋನು ಮಾಡಿದ್ದರಂತೆ. ನನ್ನ ಕೈ ಹಿಡಿದು, ‘ಆರುನೂರ ಹನ್ನೆರಡಕ್ಕೆ ನಿದ್ದೆ ಬಂತು. ಉಳಿದದ್ದು ನೀನು ಎಣಿಸು, ಎಂಜಿನಿಯರ್’ ಎಂದು ಹೇಳಿ ಹೋದ.

ಎರಡು ವಾರ ಕಳೆಯುವುದರಲ್ಲಿ ರೀಟಾ ಎಂಬ ಇನ್ನೊಂದು ಚಂಡಮಾರುತ ಹ್ಯೂಸ್ಟನ್ನಿಗೇ ಬರುತ್ತಿದೆ ಎಂದಾಯಿತು. ಅಷ್ಟರಲ್ಲಿ ಡೋಮು ಖಾಲಿಯಾಗಿತ್ತು. ಆಮೇಲೆ ಅದಕ್ಕೆ ಒಳ್ಳೆಯ ದಿನ ಬರಲಿಲ್ಲ. ಬೇಸ್‌ಬಾಲಿನವರು 1999ರಲ್ಲೇ ಬಿಟ್ಟಿದ್ದರು. ಫುಟ್‌ಬಾಲಿನವರ ಊರು ಬಿಡುವ ಬೆದರಿಕೆಗೆ ಹೆದರಿ 1988ರಲ್ಲಿ 474 ಅಡಿ ಉದ್ದದ ಮೂಲ ಸ್ಕೋರ್‌ಬೋರ್ಡನ್ನೇ ಕಿತ್ತು ಕುರ್ಚಿ ಹಾಕಿಕೊಟ್ಟಿದ್ದರೂ ಅವರು ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದರು. ಪಕ್ಕದಲ್ಲೇ 2002ರಲ್ಲಿ ಇನ್ನೂ ದೊಡ್ಡ ಕ್ರೀಡಾಂಗಣ ಎದ್ದಿತ್ತು. ಹಳೆಯದನ್ನು ದುರಸ್ತಿ ಮಾಡಲು 2013ರಲ್ಲಿ ಹಣ ಕೇಳಿದರೆ ಜನ ಒಪ್ಪಿ ಮತ ಹಾಕಲಿಲ್ಲ. ಕೆಡವಲೂ ಮನಸ್ಸಿಲ್ಲ, ಸ್ಮಾರಕವೆಂದು ಪಟ್ಟಿಗೆ ಸೇರಿಸಿ ಬೀಗ ಹಾಕಿಟ್ಟರು.

2018ರ ಏಪ್ರಿಲ್ 9ಕ್ಕೆ, ಬಾಗಿಲು ತೆರೆದು 53 ವರ್ಷ ತುಂಬಿದ ದಿನ, ಒಂದು ಸಂಜೆಯ ಮಟ್ಟಿಗೆ ಜನರನ್ನು ಒಳಗೆ ಬಿಟ್ಟರು. ನಾನೂ ನನ್ನವಳೂ ಸಾಲು ನಿಂತು ಹೋದೆವು. ಪ್ಲಾಸ್ಟಿಕ್ ಹುಲ್ಲು ಇರಲಿಲ್ಲ, ಬರಿಯ ಕಾಂಕ್ರೀಟು. ಮಕ್ಕಳು ಓಡಾಡುತ್ತಿದ್ದರು, ಮುದುಕರು ತಮ್ಮ ಕುರ್ಚಿ ಎಲ್ಲಿತ್ತೆಂದು ಬೆರಳು ಮಾಡಿ ತೋರಿಸುತ್ತಿದ್ದರು. ಅಜ್ಜನ ಮಂಚ ಇದ್ದದ್ದು ಸುಮಾರು ಎಲ್ಲಿ ಎಂದು ಹೆಜ್ಜೆ ಹಾಕಿ ಅಳೆದು, ಆ ಜಾಗದಲ್ಲಿ ನೆಲಕ್ಕೆ ಅಂಗಾತ ಮಲಗಿದೆ. ಅಂಗಿ ಹೊಲಸಾಗತೈತಿ, ಏಳ್ರೀ ಎಂದಳು ಅವಳು. ಸಂಜೆಯ ಬೆಳಕು ಬಣ್ಣದ ಹಿಂದಿನಿಂದ ಹಾಲಿನ ಹಾಗೆ ಇಳಿಯುತ್ತಿತ್ತು. ಯಾವ ಸಾಲು ಎಂದು ಹುಡುಕಿ, ಆರುನೂರ ಹದಿಮೂರು ಎಂದೆ.